ಕೈಮುಗಿದವರು

ಬಸ್ಸು ಹಾನಗಲ್ಲ ಬಿಟ್ಟು ತಿಳವಳ್ಳಿ ದಾರಿ ಹಿಡಿದ ಮೇಲೆ ಆನಂದನಿಗೆ ತಾನು ಬರಿಗೈಯಲ್ಲಿ ಹೊರಟಿರುವುದು ನೆನಪಾಯಿತು. ಆರಾಮಿಲ್ಲದವರನ್ನು ಮಾತಾಡಿಸಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಒಂದಷ್ಟು ಬಾಳೆಹಣ್ಣು, ಇಲ್ಲವೇ ಬಿಸ್ಕೀಟಿನ ಪುಡಿಕೆ, ಕಡೆಗೆ ಎರಡು ಎಳನೀರಾದರೂ ಬೇಕು. ಸತ್ತವರ ಮನೆಗೆ ಮಾತ್ರ ತಿನ್ನುವುದೇನೂ ಒಯ್ಯುವುದಿಲ್ಲ. ಹಾಗಾದರೆ ತನ್ನ ಕೈ ತನ್ನನ್ನು ಕೇಳದೆಯೇ ತೀರ್ಮಾನ ಮಾಡಿಬಿಟ್ಟಿತೆ ಎಂದು ಅವನಿಗೆ ಹೆದರಿಕೆಯಾಯಿತು, ಆಮೇಲೆ ನಾಚಿಕೆಯಾಯಿತು, ಆಮೇಲೆ ತಿಳವಳ್ಳಿಯಲ್ಲಿ ಇಳಿದು ಹಣ್ಣು ಕೊಂಡರೆ ಬಸ್ಸು ತಪ್ಪುತ್ತದೆಂಬ ಲೆಕ್ಕ ಬಂತು. ಬೆಳಿಗ್ಗೆ ಎಂಟನೇ ಇಯತ್ತೆಯ ಮಕ್ಕಳಿಗೆ ಹೂದಾನಿ ಬರೆಯಲು ಹಚ್ಚಿ ಕಿಟಕಿಯ ಹತ್ತಿರ ನಿಂತಿದ್ದಾಗ ಅಕ್ಕನ ಮಗಳು ಭಾಗ್ಯಶ್ರೀ ಹಾವೇರಿಯಿಂದ ಫೋನು ಮಾಡಿದ್ದಳು. “ಮಾಮಾ, ಅವ್ವ ಇವತ್ತ ಅಪ್ಪನ ಫೋನು ಚಾರ್ಜಿಗೆ ಹಾಕ್ಯಾಳಂತ. ಆಸ್ಪತ್ರಿಗೆ ಹೋದಾಗಿಂದ ಬಂದ್ ಇತ್ತಲ್ಲ, ಚಾಲೂ ಮಾಡಿದ ಕೂಡ್ಲೆ ಎಲ್ಲಾ ಒಮ್ಮಿಲೇ ಬರ್ತಾವು. ನೀವು ಹಾಕಿದ್ದು ಇನ್ನೂ ಐತಿ.” ಅದನ್ನು ಅಂದೇ ಅಳಿಸಿದ್ದೇನಲ್ಲ ಎಂದ ಇವನು. “ನಿಮ್ಮ ಫೋನಿನ್ಯಾಗಷ್ಟ ಅಳಿಸೀರಿ. ಎಲ್ಲಾರ ಫೋನಿನ್ಯಾಗೂ ಹಂಗ ಐತಿ. ನನ್ನ ಫೋನಿನ್ಯಾಗೂ ಐತಿ.” ಇವನು ಮಕ್ಕಳಿಗೆ ಕೇಳದಂತೆ ಹೊರಗೆ ಬಂದ. “ಅಪ್ಪ ನೋಡೂದ್ರೊಳಗ ಹೋಗಿ ತಗೀರಿ. ನೀವ ಹಾಕೀರಿ, ನೀವ ತಗೀರಿ.” ಈ ಸಲ ಅವಳು ಮಾಮಾ ಅನ್ನಲಿಲ್ಲ.

ಹಾಕಿದ್ದು ಅವಳ ಅಪ್ಪನ ಶ್ರದ್ಧಾಂಜಲಿ. ಆನಂದನ ಅಕ್ಕ ಸುಶೀಲವ್ವನ ಗಂಡ, ಚಿಕ್ಕೇರೂರಿನ ಉಳಿವೆಪ್ಪ, ಉಸಿರಾಡುತ್ತ ಇದ್ದಾಗಲೇ ಅವನ ಫೋಟೋಕ್ಕೆ ಹಾರ ಹಾಕಿ, ಕೆಳಗೆ ‘ತುಂಬಲಾರದ ನಷ್ಟ’ ಎಂದು ಬರೆದು, ಬಳಗದವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದ. ಮಾವನಿಗೆ ಜೀವ ಇದೆಯೆಂದು ತಿಳಿದ ಗಾಬರಿಯಲ್ಲಿ ‘ಎಲ್ಲರಿಗೂ ಅಳಿಸು’ ಅನ್ನುವುದರ ಬದಲು ‘ನನಗೆ ಮಾತ್ರ ಅಳಿಸು’ ಅನ್ನುವುದನ್ನು ಒತ್ತಿದ್ದನೆಂದು ಕಾಣುತ್ತದೆ. ತನ್ನ ಕಣ್ಣಿಗೆ ಮಾಯವಾದದ್ದು ಲೋಕದ ಕಣ್ಣಿಗೂ ಮಾಯವಾಯಿತೆಂದು ನೆಮ್ಮದಿಯಾಗಿ ಉಂಡು ಮಲಗಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಎಷ್ಟು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದಾನೆ. ಈಗ ಅಳಿಸುವ ಗಡುವೂ ಮುಗಿದುಹೋಗಿತ್ತು. ಉಳಿದದ್ದು ಒಂದೇ ದಾರಿ. ಮಾವ ನೋಡುವುದರೊಳಗೆ ಮನೆಗೆ ಹೋಗುವುದು, ಏನೋ ನೆಪ ಹೇಳಿ ಫೋನು ಕೈಗೆ ತೆಗೆದುಕೊಳ್ಳುವುದು, ಆ ಫೋಟೋ, ಅದರ ಕೆಳಗೆ ಬಿದ್ದಿರುವ ಓಂ ಶಾಂತಿಗಳು, ಎಲ್ಲವನ್ನೂ ಒರೆಸಿ ಹಾಕುವುದು. ಅಷ್ಟಾದರೆ ಸಾಕು. ಅಕ್ಕ ಮಾತು ಬಿಟ್ಟರೂ ಚಿಂತೆಯಿಲ್ಲ, ಭಾಗ್ಯಶ್ರೀ ಜನ್ಮದಲ್ಲಿ ಫೋನು ಮಾಡದಿದ್ದರೂ ಚಿಂತೆಯಿಲ್ಲ. ಸಾವಿನ ಬಾಗಿಲು ಮುಟ್ಟಿ ಬಂದ ಮನುಷ್ಯ ತನ್ನದೇ ಶ್ರದ್ಧಾಂಜಲಿ ನೋಡುವುದು ಬೇಡ. ಹಿಂದಿನ ಸೀಟಿನ ಹೆಂಗಸು ತನ್ನ ಫೋನಿನಲ್ಲಿ ಯಾರೋ ಬಸುರಿಯ ಕುಬಸದ ವಿಡಿಯೋ ದೊಡ್ಡ ದನಿಯಲ್ಲಿ ಹಚ್ಚಿದ್ದಳು. ಸಾರ್ವಜನಿಕ ಸ್ಥಳದಲ್ಲಿ ಹೆಡ್‌ಫೋನ್ ಹಾಕಿಕೊಳ್ಳಿರೆಂದು ಹೇಳಲು ಅವನು ಅರ್ಧ ತಿರುಗಿದ, ಮತ್ತೆ ತನಗೇ ಹೇಸಿಕೆಯಾಗಿ ಮುಂದೆ ನೋಡಿದ.

ಹೀಗೆ ಹೇಳುವುದು ಅವನ ರೂಢಿ. ಬಳಗದ ಗುಂಪು ಕಟ್ಟಿದವನು ಅವನೇ, ಅಡ್ಮಿನ್ನೂ ಅವನೊಬ್ಬನೇ. ಬೇರೆಯವರನ್ನು ಮಾಡಿದರೆ ಶಿಸ್ತು ಕೆಡುತ್ತದೆ. ಗುಂಪಿನ ನಿಯಮಗಳನ್ನು ಬಣ್ಣದ ಅಕ್ಷರದಲ್ಲಿ ಬರೆದು ವರ್ಷಕ್ಕೆರಡು ಸಲ ಹಾಕುತ್ತಿದ್ದ. ರಾಜಕೀಯ ಬೇಡ, ಖಾತ್ರಿ ಇಲ್ಲದ ಸುದ್ದಿ ಬೇಡ, ಊಟದ ಹೊತ್ತಿನಲ್ಲಿ ರಕ್ತದ ಫೋಟೋ ಬೇಡ, ಶುಭೋದಯ ಬೇಡ. ಈ ಕೊನೆಯ ನಿಯಮ ಯಾರ ಸಲುವಾಗಿ ಬಂತೆಂದು ಈಗ ಬಸ್ಸಿನ ಕಿಟಕಿಯಲ್ಲಿ ಗೋವಿನಜೋಳದ ಹೊಲಗಳು ಹಿಂದೆ ಸರಿಯುವಾಗ ಅವನಿಗೆ ಬೇಡವೆಂದರೂ ಕಾಣುತ್ತಿತ್ತು. ಉಳಿವೆಪ್ಪ ದಿನಾ ಮುಂಜಾನೆ ಹೊಲಕ್ಕೆ ಹೋದವನು ಅಲ್ಲಿಂದ ಒಂದು ಫೋಟೋ ಹಾಕುತ್ತಿದ್ದ. ಒಮ್ಮೆ ಬದುವಿನ ಮೇಲಿನ ಇಬ್ಬನಿ, ಒಮ್ಮೆ ಎತ್ತಿನ ಹಣೆ, ಹೆಚ್ಚು ಸಲ ಅವನದೇ ಹೆಬ್ಬೆರಳು ಅರ್ಧ ಅಡ್ಡ ಬಂದ ಏನೋ ಒಂದು. ಕೆಳಗೆ ‘ಎಲ್ಲಾರಿಗೂ ಶುಭೋದಯ, ಎಲ್ಲಾರೂ ಆರಾಮ ಇರ್ರಿ’. ಒಂದು ದಿನ ಆನಂದ ಇಡೀ ಗುಂಪಿನ ಮುಂದೆ ಬರೆದ: ‘ಉಳಿವೆಪ್ಪ ಮಾವನವರು ದಯವಿಟ್ಟು ನಿಯಮ ಗಮನಿಸಬೇಕು. ಪ್ರತಿದಿನದ ಶುಭೋದಯದಿಂದ ಉಳಿದ ಸದಸ್ಯರಿಗೆ ತೊಂದರೆಯಾಗುತ್ತದೆ.’ ಯಾರಿಗೂ ತೊಂದರೆಯಾಗಿರಲಿಲ್ಲ. ಮರುದಿನದಿಂದ ಮಾವನ ಫೋಟೋ ಬರಲಿಲ್ಲ, ಮತ್ತೆ ಎಂದೂ ಬರಲಿಲ್ಲ. ಆಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಉಳಿವೆಪ್ಪ ಇವನ ಭುಜದ ಮೇಲೆ ಕೈಯಿಟ್ಟು, “ನೀವು ಸಾಲಿ ಕಲತವರು, ನಮಗ ಅದರಾಗಿನ ರೀತಿ ರಿವಾಜು ತಿಳಿಯೂದಿಲ್ಲೋ ತಮ್ಮಾ” ಎಂದಿದ್ದ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಎಷ್ಟೋ ಚೆನ್ನಾಗಿತ್ತು.

ರೀತಿ ರಿವಾಜು ಅವನ ಅಪ್ಪನಿಗೆ ಗೊತ್ತಿತ್ತು. ಬಳಗದಲ್ಲಿ ಯಾರು ಸತ್ತರೂ ಸುದ್ದಿ ಹೇಳಲು ಕಳಿಸುತ್ತಿದ್ದದ್ದು ಆಡೂರಿನಿಂದ ಅಪ್ಪನನ್ನೇ. ಅಪ್ಪ ಬಾಯಿ ತಪ್ಪಿಯೂ ‘ಸತ್ತರು’ ಅನ್ನುತ್ತಿರಲಿಲ್ಲ. ಒಮ್ಮೆ ಯಲವಿಗಿಗೆ, ಅಲ್ಲಿಗೆ ಕೊಟ್ಟ ಹೆಣ್ಣುಮಗಳೊಬ್ಬಳಿಗೆ ತಾಯಿ ತೀರಿಕೊಂಡ ಸುದ್ದಿ ಹೊತ್ತು ಹೋದಾಗ ಆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರಂತೆ. ಅಪ್ಪ ಹೊರಗೇ ಬೇವಿನ ಗಿಡದ ಕೆಳಗೆ ನಿಂತು, ಒಳಗೆ ಕರೆದರೆ ‘ಬೀಡಿ ಸೇದಿ ಬರ್ತೇನಿ’ ಎಂದು ಸುಳ್ಳು ಹೇಳಿ, ತಾಟು ತೊಳೆಯುವ ಸಪ್ಪಳ ಕೇಳುವ ತನಕ ಕಾದ. ಆಮೇಲೆ, ‘ಅವ್ವಾರಿಗೆ ಸ್ವಲ್ಪ ಆರಾಮಿಲ್ಲ, ಒಂದೀಟು ಬಂದು ಹೋಗಬೇಕಂತ.’ ಹೇಳುವವನು ಅದಕ್ಕಿಂತ ಹೆಚ್ಚು ಹೇಳಬಾರದು, ಕೇಳುವವರು ಅದಕ್ಕಿಂತ ಹೆಚ್ಚು ಕೇಳಬಾರದು. ಆ ಹೆಣ್ಣುಮಗಳು ಸೀರೆ ಬದಲಿಸಿ, ಮನೆಗೆ ಕೀಲಿ ಹಾಕಿ, ಸ್ಟೇಶನ್ನಿನವರೆಗೆ ಅಪ್ಪನ ಹಿಂದೆ ಮಾತಿಲ್ಲದೆ ನಡೆದಳು. ತವರೂರಿನ ಅಗಸಿ ಬಾಗಿಲಲ್ಲಿ ಮಂದಿ ನೆರೆದದ್ದನ್ನು ಕಂಡ ಮೇಲೆ ಬಾಯಿ ಬಿಟ್ಟು ಅತ್ತಳು. ‘ಉಣ್ಣು ತುತ್ತು ಮುಗೀಲಿ ಅನ್ನೂದ, ಅಷ್ಟ ನೋಡು ನಾವು ಮಾಡಬಹುದಾದ್ದು’ ಎಂದು ಅಪ್ಪ ಹೇಳುತ್ತಿದ್ದ. ಅಪ್ಪನ ಮಗನಾಗಿ ಆನಂದ ಆ ರೀತಿಯನ್ನೇ ಪಾಲಿಸಿದ್ದ, ಅದರಿಂದಲೇ ಕೆಟ್ಟ. ಅಂದು ಭಾಗ್ಯಶ್ರೀಯ ಗಂಡ ಶಂಭುಲಿಂಗ ಹುಬ್ಬಳ್ಳಿಯ ಆಸ್ಪತ್ರೆಯಿಂದ ಮಾತಾಡಿದ. “ಮಾಮಾ, ಇನ್ನ ನಮ್ಮ ಕೈಯಾಗಿಲ್ಲ ಅಂದ್ರರಿ ಡಾಕ್ಟರ್. ಆಂಬುಲೆನ್ಸಿನ್ಯಾಗ ಮನಿ ಕಡೆ ಹೊಂಟೇವಿ. ನೀವು ಬಂದಬಿಡ್ರಿ.” ಹಿಂದೆ ಅಕ್ಕ ಅಳುತ್ತಿದ್ದದ್ದು ಕೇಳಿಸಿತು. ಜೀವ ಐತೇನು ಎಂದು ಒಂದೇ ಒಂದು ಮಾತು ಕೇಳಬೇಕಿತ್ತು. ಆ ಮಾತನ್ನು ಬಾಯಿಗೆ ತರಬಾರದು. ಅವನು ಕೇಳಲಿಲ್ಲ. “ಆತು, ಬರ್ತೇನಿ” ಎಂದು ಫೋನಿಟ್ಟ. ಇಟ್ಟವನು ಬಸ್‌ಸ್ಟ್ಯಾಂಡಿಗೆ ಓಡಲಿಲ್ಲ, ಗುಂಪು ತೆರೆದ.

ಅಲ್ಲಿಯೂ ಮುಗಿಯುವುದಿಲ್ಲ. ಯಾರಿಗೂ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಅದನ್ನು ಅವನು ಹೆಂಡತಿ ಸುನಿತಾಳಿಗೂ ಹೇಳಿಲ್ಲ. ಆ ಫೋಟೋ ಅಂದು ಮಾಡಿದ್ದಲ್ಲ. ಉಳಿವೆಪ್ಪನ ಎದೆಯಲ್ಲಿ ನೀರು ತುಂಬಿ ಹುಬ್ಬಳ್ಳಿಗೆ ಸೇರಿಸಿದ್ದಾರೆಂದು ತಿಳಿದ ದಿನವೇ, ಮಧ್ಯಾಹ್ನದ ಬಿಡುವಿನ ಪಿರಿಯಡ್ಡಿನಲ್ಲಿ, ಸ್ಟಾಫ್‌ರೂಮಿನ ಮೂಲೆಯಲ್ಲಿ ಕುಳಿತು ಅವನು ಅದನ್ನು ತಯಾರು ಮಾಡಿದ್ದ. ಹಾಕಬೇಕೆಂದಲ್ಲ, ಬೇಕಾದರೆ ಇರಲಿ ಎಂದು. ಆಡೂರಿನ ಪರಮೇಶಪ್ಪ ಕಾಕಾ ತೀರಿಕೊಂಡಾಗ ಮಾಲತೇಶನೆಂಬ ತಲೆಹರಟೆ, ಬಳಗದಲ್ಲಿ ಎಲ್ಲಿಂದ ಎಲ್ಲಿಗೋ ಸಂಬಂಧ, ಓರೆಯಾದ ಫೋಟೋ ಒಂದನ್ನು ಎಲ್ಲರಿಗಿಂತ ಮೊದಲು ಎಸೆದುಬಿಟ್ಟಿದ್ದ. ಇಡೀ ಬಳಗ ಅದರ ಕೆಳಗೇ ಕೈಮುಗಿಯಿತು. ಆನಂದ ಒಂದು ತಾಸು ಕುಳಿತು ಮಾಡಿದ, ದೀಪ, ಬಿಲ್ವಪತ್ರೆ ಎಲ್ಲ ಇದ್ದ ಚಂದದ ಚಿತ್ರಕ್ಕೆ ಬಂದದ್ದು ನಾಲ್ಕೇ ಕೈ. ಅದು ಅವನನ್ನು ವಾರಗಟ್ಟಲೆ ಕೊರೆದಿತ್ತು. ಐವತ್ತು ದಾಟಿದ ಮನುಷ್ಯ, ಮಕ್ಕಳಿಗೆ ಬಣ್ಣ ಬೆರೆಸಲು ಕಲಿಸುವವನು, ಸಾವಿನಲ್ಲಿ ಎರಡನೆಯವನಾದೆನೆಂದು ಒಳಗೊಳಗೇ ಕುದ್ದಿದ್ದ. ಹಾಗಾಗಿ ಬದುಕಿರುವ ಉಳಿವೆಪ್ಪನನ್ನು ಭಾಗ್ಯಶ್ರೀಯ ಮದುವೆಯ ಫೋಟೋದಿಂದ ನಾಜೂಕಾಗಿ ಕತ್ತರಿಸಿ, ಹಿಂದಿನ ಶಾಮಿಯಾನ ಒರೆಸಿ, ಹಾರ ತೊಡಿಸಿ ಇಟ್ಟುಕೊಂಡಿದ್ದ. ಹುಟ್ಟಿದ ತಾರೀಖು ಹಾಕಿ, ಇನ್ನೊಂದು ತಾರೀಖಿಗೆ ಜಾಗ ಬಿಟ್ಟಿದ್ದ. ಕೆಲಸ ಚೆನ್ನಾಗಿ ಬಂದಿದೆ ಎಂದು ಆ ಗಳಿಗೆಯಲ್ಲಿ ಖುಷಿಯೂ ಆಗಿತ್ತು. ಆ ಖುಷಿ ನೆನಪಾದಾಗಲೆಲ್ಲ ಅವನು ಕುಳಿತಲ್ಲಿಂದ ಎದ್ದುಬಿಡುತ್ತಾನೆ. ಬಸ್ಸಿನಲ್ಲಿ ಏಳಲು ಜಾಗವಿರಲಿಲ್ಲ. ಆಂಬುಲೆನ್ಸು ದಾರಿಯಲ್ಲಿದ್ದಾಗ ಗಂಡನ ಕೈ ಹಿಡಿದು ಕುಳಿತಿದ್ದ ಅಕ್ಕನ ಚೀಲದಲ್ಲಿ ಫೋನು ಒಂದೇ ಸಮ ಟುಣ್ ಟುಣ್ ಅನ್ನುತ್ತಿತ್ತಂತೆ. ತೆಗೆದು ನೋಡಿದರೆ ಓಂ ಶಾಂತಿ. ಆ ಕೈ ಇನ್ನೂ ಬಿಸಿಯಿತ್ತು. ಜೀವ ಐತಿ ಎಂದು ಶಂಭುಲಿಂಗ ಫೋನು ಮಾಡಿದ ಮೇಲೆ ಆನಂದನಿಗೆ ಆ ಮನೆಗೆ ಹೋಗುವ ಮುಖವಿರಲಿಲ್ಲ. ಮನೆಗೆ ಬಂದ ಮರುದಿನ ಉಳಿವೆಪ್ಪ ಕಣ್ಣು ಬಿಟ್ಟು ಚಹಾ ಕೇಳಿದ. ಸತ್ತ ಸುದ್ದಿ ಹಬ್ಬಿದರೆ ಆಯುಷ್ಯ ಗಟ್ಟಿ ಎಂದು ಬಳಗದವರು ಆನಂದನಿಗೆ ಸಮಾಧಾನ ಹೇಳಿದರು, ಕೆಲವರು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇದು ಹೋಗುವುದೂ ಇಲ್ಲ, ಒಬ್ಬೊಬ್ಬರ ಕಿಸೆಯಲ್ಲೂ ಹಾಗೇ ಕುಳಿತಿರುತ್ತದೆ.

ಚಿಕ್ಕೇರೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಗೋವಿನಜೋಳ ಒಣಗಲು ಹರವಿದ್ದರು. ಅದನ್ನು ತುಳಿಯದಂತೆ ನಡೆಯುವುದರಲ್ಲಿ ಅವನಿಗೆ ಸ್ವಲ್ಪ ಸಮಾಧಾನವಿತ್ತು, ಮನೆ ಬೇಗ ಬರುವುದಿಲ್ಲ. ಚೌಡವ್ವನ ಅಂಗಡಿಯಲ್ಲಿ ಬಾಳೆಹಣ್ಣಿದ್ದವು. ಅವಳು ಇವನ ಮುಖ ನೋಡಿ ತಕ್ಕಡಿ ಒರೆಸತೊಡಗಿದಳು. ಅವಳೂ ಬಳಗದವಳೇ, ಆ ಗುಂಪಿನಲ್ಲಿದ್ದಾಳೆಂದು ನೆನಪಾಗಿ ಅವನು ಹಣ್ಣು ಕೊಳ್ಳದೆ ದಾಟಿದ. ಅಕ್ಕ ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು, ಬಾ ಅನ್ನಲಿಲ್ಲ, ಕಾಲಿಗೆ ನೀರು ಕೊಡಲಿಲ್ಲ.

“ಮಾವ ಹೆಂಗದಾರಕ್ಕ?”

“ನೀನ ಹಾಕಿದ್ಯಲ್ಲ, ಹೆಂಗದಾರಂತ.”

ಆನಂದ ಮೊರದೊಳಗಿನ ಅಕ್ಕಿಯನ್ನು ನೋಡುತ್ತ ನಿಂತ. ಅಕ್ಕ ಒಂದು ಹರಳು ಆರಿಸಿ ಎಸೆದಳು. “ಆ ಫೋಟೋದಾಗ ನಾ ಅವರ ಬಾಜೂಕ ನಿಂತಿದ್ನಿ” ಎಂದಳು. “ನನ್ನ ಕತ್ತರಿಸಿ ಒಗದೀ. ನನ್ನ ಸೆರಗಿಂದು ಇಷ್ಟ ಅಂಚು ಅವರ ಭುಜದ ಮ್ಯಾಲ ಉಳದೈತಿ ನೋಡು. ಕಳಸೋ ಅವಸರದಾಗ ಅದೊಂದು ನಿನ್ನ ಕಣ್ಣಿಗೆ ಬೀಳಲಿಲ್ಲೇನು? ಅದನ್ನೂ ತಗದಬಿಡಬೇಕಿತ್ತು.” ಅವಳ ದನಿ ಏರಲಿಲ್ಲ, ಅಳುವೂ ಇರಲಿಲ್ಲ. ಅವನಿಗೆ ಹೇಳಲು ಏನಾದರೂ ಇದ್ದರೆ ಅದು ಅವಸರದಲ್ಲಿ ಮಾಡಿದ್ದಲ್ಲ ಎನ್ನುವುದೊಂದೇ, ಅದನ್ನು ಹೇಳುವಂತಿರಲಿಲ್ಲ. ಕಾಲು ಹಿಡಿಯಬೇಕೆನ್ನಿಸಿತು. ಸಣ್ಣವನಿದ್ದಾಗ ಇವಳ ಕಂಕುಳಲ್ಲೇ ಬೆಳೆದವನು ಅವನು. ಹಿಡಿದರೆ ಅದೂ ನಾಟಕದಂತೆ ಕಾಣುತ್ತದೆಂದು ಹೆದರಿ ನಿಂತೇ ಇದ್ದ.

“ಅಕ್ಕ, ಮಾವನ ಫೋನು ಎಲ್ಲೈತಿ? ಒಂದ್ ಸ್ವಲ್ಪ ಕೊಡು. ಎಲ್ಲಾ ತಗದ ಬಿಡ್ತೇನಿ.”

“ಅವರ ಕೈಯಾಗ ಐತಿ” ಎಂದಳು ಸುಶೀಲವ್ವ. “ಮುಂಜಾನಿಂದ ಅದನ್ನ ಹಿಡಕೊಂಡ ಕುಂತಾರ. ಹಾರ ಹಾಕಿದ್ದು ಕಂಡೈತಿ. ಕಣ್ಣಿನ ಚಾಳೀಸು ದವಾಖಾನ್ಯಾಗ ಕಳದಾವು, ಅಕ್ಷರ ಕಾಣವೊಲ್ಲವು. ಓದ, ಓದ ಅಂತ ನನಗ ಗಂಟ ಬಿದ್ದಾರ. ನಾ ಹೆಂಗ ಓದಲೋ? ನನ್ನ ಬಾಯಲೇ ನಾ ಹೆಂಗ ಓದಲಿ?” ಮೊರ ಎತ್ತಿಕೊಂಡು ಒಳಗೆ ಹೋದಳು.

ಪಡಸಾಲೆಯ ಮಂಚದ ಮೇಲೆ ಉಳಿವೆಪ್ಪ ಗೋಡೆಗೆ ಒರಗಿ ಕುಳಿತಿದ್ದ. ಹೊಲದ ಕೆಲಸದಲ್ಲಿ ಕಟ್ಟಿದ ಅಷ್ಟಗಲ ಎದೆ ಅಂಗಿಯೊಳಗೆ ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. “ಆನಂದ ಬಂದೇನು? ಬಾ, ಕುಂದ್ರು. ನಿನ್ನ ಹಾದಿ ನೋಡಾಕತ್ತಿದ್ದೆ” ಎಂದ. ಈ ಮಾತಿಗೆ ತಯಾರಿಲ್ಲದ ಆನಂದ ಮಂಚದ ಅಂಚಿಗೆ ಕುಳಿತ. ತಪ್ಪಾತು ಮಾವ, ತಿಳೀಲಿಲ್ಲ ಎಂದು ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳನ್ನು ಒಂದರ ಮೇಲೊಂದು ಹೇಳಿದ. ಉಳಿವೆಪ್ಪ ಕೈ ಆಡಿಸಿದ. “ಇರ್ಲಿ ಬಿಡೋ. ಡಾಕ್ಟರ ತಪ್ಪ್ಯಾನಂದ್ರ ನಿಂದೇನು. ಫೋಟೋ ಚೊಲೋ ಬಂದೈತಿ.” ಫೋನನ್ನು ಇವನ ಕೈಗೆ ಕೊಟ್ಟ. ಹಾದಿಯುದ್ದಕ್ಕೂ ಆನಂದ ಬಯಸಿದ್ದು ಇದನ್ನೇ, ಫೋನು ತನ್ನ ಕೈಗೆ ಬರುವುದನ್ನು. “ಕೆಳಗ ಮಂದಿ ಬರದಾರಲ್ಲ, ಅದನ್ನೀಟು ಓದಿ ಹೇಳು” ಎಂದ ಉಳಿವೆಪ್ಪ. “ಇಂಥಾ ನಸೀಬ ಯಾರಿಗೆ ಸಿಗತೈತಿ. ಸತ್ತಂವ ಯಾರೂ ಕೇಳಿಲ್ಲ, ನಾ ಕೇಳತೇನಿ.” ನಕ್ಕ, ನಗು ಕೆಮ್ಮಾಯಿತು. ಆ ಕಣ್ಣುಗಳಲ್ಲಿ ಮಾತ್ರ ನಗುವಿರಲಿಲ್ಲ. ಪರೀಕ್ಷೆ ಬರೆದು ಪಾಸೋ ನಪಾಸೋ ಎಂದು ಕಾಯುವ ಹುಡುಗರ ಕಣ್ಣನ್ನು ಆನಂದ ವರ್ಷವರ್ಷವೂ ನೋಡಿದ್ದ.

“ಶಿವಯೋಗಿ ಬರದಾನ್ರಿ. ಓಂ ಶಾಂತಿ ಅಂತ.”

“ಮತ್ತ?”

“ಅಷ್ಟರಿ.”

ಉಳಿವೆಪ್ಪ ತಲೆಯಾಡಿಸಿದ. ಶಿವಯೋಗಿಯ ಮುರಿದುಹೋಗಿದ್ದ ಮದುವೆಯನ್ನು ಸವಣೂರಿಗೆ ಮತ್ತೆ ಮತ್ತೆ ಅಲೆದು, ಬೀಗರ ಕೈಕಾಲು ಹಿಡಿದು ಕೂಡಿಸಿದವನು ಉಳಿವೆಪ್ಪನೇ. ವಿದ್ಯಾಶ್ರೀ, ಓಂ ಶಾಂತಿ. ಮಾಲತೇಶ, ಕೈಮುಗಿದ ಎರಡು ಚಿತ್ರ, ಅದರ ಬೆನ್ನಿಗೇ ಹೊಸ ಟ್ರ್ಯಾಕ್ಟರಿನ ವಿಡಿಯೋ. ಟ್ರ್ಯಾಕ್ಟರನ್ನು ಆನಂದ ಓದಲಿಲ್ಲ. ಮತ್ತೊಂದು ಓಂ ಶಾಂತಿ. ಮೇಲಿನವರು ಬರೆದದ್ದನ್ನೇ ಎತ್ತಿ ಅಂಟಿಸಿದ ಇನ್ನೊಂದು. ಪ್ರತಿಯೊಂದು ಹೆಸರಿಗೂ ಮಾವ ಕತ್ತನ್ನು ಮುಂದೆ ತರುತ್ತಿದ್ದ, ಪ್ರತಿ ಸಲವೂ ಮತ್ತ ಅನ್ನುತ್ತಿದ್ದ, ಆಮೇಲೆ ಕತ್ತು ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ಒಂದು ಆಯುಷ್ಯದ ಕಡೆಗೆ ಬಂದದ್ದು ಇಷ್ಟು. ಯಾರೊಬ್ಬರೂ ತಮ್ಮದೆನ್ನುವ ಒಂದು ಮಾತು ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ, ಆನಂದನಿಗೂ ತೋಚಿರಲಿಲ್ಲ. ‘ತುಂಬಲಾರದ ನಷ್ಟ’ ಅನ್ನುವ ಸಾಲು ಆ ಚಿತ್ರದ ಚೌಕಟ್ಟಿನಲ್ಲಿ ಮೊದಲೇ ಇತ್ತು. ಸುಮ್ಮನೆ ಬಿಟ್ಟಿದ್ದ, ಅಷ್ಟೇ. ಮುಂದೆ ಶಾರವ್ವ ಅತ್ತೆಯ ಕೈಮುಗಿದ ಚಿತ್ರ ಬಂದಾಗ ಆನಂದನಿಗೆ ತಡೆಯಲಾಗಲಿಲ್ಲ.

“ಶಾರವ್ವ ಅತ್ತಿ ಬರದಾಳ್ರಿ. ‘ನನ್ನ ತಮ್ಮನಂಗ ಇದ್ದ. ಹಬ್ಬಕ್ಕ ನನಗ ಸೀರಿ ತರದ ಒಂದ್ ವರ್ಷಾನೂ ಬಿಟ್ಟಿಲ್ಲ’ ಅಂತ.”

ಉಳಿವೆಪ್ಪನ ಮುಖ ಸಡಿಲಾಯಿತು. “ಹೌದಲಾ, ಅದನ್ನ ನೆಪ್ಪ ಇಟ್ಟಾಳ” ಎಂದ. ಆನಂದನಿಗೆ ಧೈರ್ಯ ಬಂತು. ಚೌಡವ್ವ ಬರೆದಳು, ‘ಅಂಗಡಿ ಮುಂದ ಹಾಯ್ದ ಹೋಗುವಾಗ ದಿನಾ ಮಾತಾಡ್ಸಂವ, ಇನ್ನ ಯಾರ ಮಾತಾಡಸ್ತಾರ’. ಮಾವನ ತಂಗಿಯೊಬ್ಬಳ ಮಗ ಬರೆದ, ‘ಈಸು ಕಲಿಸಿದ್ದು ಮಾವ’. ಬೆರಳು ಪರದೆಯ ಮೇಲೆ ಓಂ ಶಾಂತಿಗಳನ್ನು ಸರಿಸುತ್ತಿತ್ತು, ಬಾಯಿ ಬೇರೆಯದೇ ಓದುತ್ತಿತ್ತು. ಚಿಕ್ಕಂದಿನಿಂದ ಈ ಮನುಷ್ಯನನ್ನು ಕಂಡದ್ದೆಲ್ಲ ಈಗ ಒಂದೊಂದಾಗಿ ನಾಲಿಗೆಗೆ ಬಂತು. ಎಲ್ಲವೂ ನಿಜವೇ, ಬರೆದವರು ಮಾತ್ರ ಇರಲಿಲ್ಲ. ಒಳಗಿನ ಬಾಗಿಲಲ್ಲಿ ಅಕ್ಕ ಬಂದು ನಿಂತದ್ದು ಗೊತ್ತಾಯಿತು. ಅವನು ನಿಲ್ಲಿಸಲಿಲ್ಲ. ಗಿರಿಯಪ್ಪನ ಹೆಸರು ಬಂತು, ಬಳಗದವನೇ, ಮಾವನ ಪಕ್ಕದ ಹೊಲದವನು, ಹರೆಯದಿಂದಲೂ ಜೋಡಿ. ಅವನ ಹೆಸರಿನ ಕೆಳಗೂ ಎರಡು ಕೈ ಮಾತ್ರ ಇದ್ದವು.

“ಗಿರಿಯಪ್ಪ ಬರದಾನ್ರಿ. ‘ನಾವಿಬ್ಬರೂ ಕೂಡಿ ಬಾವಿ ತೋಡಿದ್ವಿ. ಆ ನೀರ ಕುಡ್ಯಾಕ ಹೋದ್ರ ಗಂಟಲಾಗ ಇಳೀವಲ್ತು’ ಅಂತ.”

ಉಳಿವೆಪ್ಪ ಮುಖ ಕೆಳಗೆ ಮಾಡಿದ. ಹೊರಗೆ ಯಾರೋ ಜೋಳದ ಮೇಲಿನಿಂದ ಕೋಳಿಗಳನ್ನು ಓಡಿಸುತ್ತಿದ್ದರು. ಮಾವ ಅಳುತ್ತಿದ್ದಾನೆಂದುಕೊಂಡ ಆನಂದ, ಅವನು ಅಳುತ್ತಿರಲಿಲ್ಲ.

“ಗಿರಿಯಪ್ಪಗ ಬರಿಯಾಕ ಬರೂದಿಲ್ಲೋ ತಮ್ಮಾ” ಎಂದ ಉಳಿವೆಪ್ಪ. “ಹೆಬ್ಬಟ್ಟಿನಂವ. ಆ ಕೈಮುಗಿಯೂದು ಎಲ್ಲಿ ಒತ್ತಬೇಕಂತ ನಾನ ಕಲಿಸೇನಿ ಅವಂಗ.”

ಬಾಗಿಲಲ್ಲಿ ಅಕ್ಕ ಮುಖ ಆಚೆ ತಿರುಗಿಸಿಕೊಂಡಳು.

“ಸಿಟ್ಟಿಲ್ಲ ನನಗ. ಇದ್ದದ್ದಷ್ಟ ಓದು. ಮುಂದ ಏನೈತಿ?”

ಮುಂದೆ ಇದ್ದದ್ದು ಒಂದು ಉದ್ದನೆಯ ಸಂದೇಶ. ಕಡೆಗೂ ಒಬ್ಬರು ನಾಲ್ಕು ಸಾಲು ಬರೆದಿದ್ದಾರೆಂದು ಆನಂದನ ಕಣ್ಣು ಅದರ ಮೇಲೆ ಆಸೆಯಿಂದ ಬಿತ್ತು, ಆಮೇಲೆ ತನ್ನದೇ ಹೆಸರು ಕಂಡಿತು. ಬಳಗದಲ್ಲಿ ಯಾರು ಸತ್ತರೂ ಸ್ವಲ್ಪ ಹೊತ್ತಿನ ಮೇಲೆ ಅವನು ಹಾಕುತ್ತಿದ್ದ ಮಾತು ಅದು. ಒಮ್ಮೆ ಬರೆದು ಇಟ್ಟುಕೊಂಡಿದ್ದ, ಪ್ರತಿ ಸಲವೂ ಎತ್ತಿ ಹಾಕುತ್ತಿದ್ದ. ಅಂದೂ ಹಾಕಿದ್ದು ಅವನಿಗೆ ನೆನಪೇ ಇರಲಿಲ್ಲ. ಬಿಟ್ಟು ಮುಂದೆ ಹೋಗಬಹುದಿತ್ತು. ಬೆರಳು ಸರಿಯಿತೂ ಕೂಡ, ಆದರೆ ಅದರ ಮುಂದೆ ಏನೂ ಇರಲಿಲ್ಲ. ಅಲ್ಲಿಗೆ ಎಲ್ಲರೂ ನಿಲ್ಲಿಸಿದ್ದರು.

“ಓದಲಾ” ಎಂದ ಉಳಿವೆಪ್ಪ.

ಆನಂದ ಓದಿದ. “‘ಸದಸ್ಯರ ಗಮನಕ್ಕೆ. ಪ್ರತಿಯೊಬ್ಬರೂ ಓಂ ಶಾಂತಿ ಹಾಕುತ್ತ ಹೋದರೆ ಗುಂಪಿನ ಮುಖ್ಯ ಸಂದೇಶಗಳು ಮುಚ್ಚಿಹೋಗುತ್ತವೆ. ಹಾಕಿದವರು ಹಾಕಿದ್ದೀರಿ. ಇನ್ನು ಸಾಕು, ದಯವಿಟ್ಟು ನಿಲ್ಲಿಸಿ.’”

“ಯಾರ ಬರದಾರದು?”

“ನಾನರಿ ಮಾವ.”

“ಖರೇನ ಐತಿ” ಎಂದ ಉಳಿವೆಪ್ಪ. “ಎಷ್ಟಂತ ಹಾಕ್ತಾರ ಮಂದಿ. ಅವರಿಗೂ ಕೆಲಸ ಇರತಾವು.” ಫೋನು ವಾಪಸು ಕೇಳಲಿಲ್ಲ. ಗೋಡೆ ಬಿಟ್ಟು ಕೆಳಗೆ ಸರಿದು ಮಲಗಿದ. ಸುಶೀ‌ಲವ್ವ ಅಂಗೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬಂದು, ಏಳ್ರಿ, ಹೊತ್ತಾತು ಎಂದಳು. ಅವನು ಅವಳನ್ನು ನೋಡಿದ, ಆನಂದನನ್ನು ನೋಡಿದ, ಮೆಲ್ಲಗೆ ಗೋಡೆಯ ಕಡೆಗೆ ಹೊರಳಿದ.

“ಇನ್ನ ಸಾಕ, ಇಡು” ಎಂದ.